ಮುಚ್ಚಿದ ಅಕ್ಕಿ ಮಿಲ್ಲಿನ ಚರಿತ್ರೆ ಹುಡುಕುವುದು ಹೇಗೆ? ಕೊಡಗಿನ ಓದುಗರಿಗೆ ಮಾರ್ಗದರ್ಶಿ

‘ನಮ್ಮೂರಿನ ತೋಡಿನ ಪಕ್ಕ ಹಳೆಯ ಅಕ್ಕಿ ಮಿಲ್ಲೊಂದಿದೆ. ಬಾಗಿಲು ಹಾಕಿ ವರ್ಷಗಳಾದವು. ಮಾಡಿನ ಮೇಲೆ ಗಿಡ ಬೆಳೆದಿದೆ. ಒಳಗೆ ಹೋಗಿ ನೋಡಬಹುದೇ? ಅದರ ಚರಿತ್ರೆ ಎಲ್ಲಿ ಸಿಗುತ್ತದೆ?’ ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಪೊನ್ನಂಪೇಟೆ ಕಡೆಯವರೂ ಕೇಳಿದ್ದಾರೆ, ನಾಪೋಕ್ಲು ಕಡೆಯವರೂ ಕೇಳಿದ್ದಾರೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಬರೆಯುವ ಬದಲು ಇಲ್ಲಿ ಎಲ್ಲವನ್ನೂ ಒಟ್ಟಿಗೆ ಹೇಳುತ್ತೇನೆ.

ಕೇಳುವವರಲ್ಲಿ ಹೆಚ್ಚಿನವರು ಮೊದಲು ಒಳಗೆ ಹೋಗಬೇಕು ಎನ್ನುತ್ತಾರೆ. ನಾನು ಹೇಳುವುದು ಅದಕ್ಕೆ ತಿರುವುಮುರುವು. ಮೊದಲು ಜನ, ನಂತರ ಕಾಗದ, ಕಟ್ಟಡ ಕೊನೆಗೆ. ಕಟ್ಟಡ ಅಪಾಯಕಾರಿ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಏನನ್ನೂ ತಿಳಿಯದೆ ಒಳಗೆ ಹೋದವರಿಗೆ ತುಕ್ಕು ಹಿಡಿದ ಕಬ್ಬಿಣ ಮಾತ್ರ ಕಾಣುತ್ತದೆ. ಅಲ್ಲಿ ದುಡಿದವರ ಮಾತು ಕೇಳಿ ಹೋದವರಿಗೆ ಗೋಡೆಯ ತೂತು ಕೂಡ ಅರ್ಥವಾಗುತ್ತದೆ. ಗೋಡೆ ಇನ್ನೂ ಹತ್ತು ಮಳೆಗಾಲ ನಿಂತೀತು. ಎಂಜಿನ್ ನಡೆಸುತ್ತಿದ್ದ ಅಜ್ಜನಿಗೆ ಎಂಬತ್ತು ದಾಟಿದೆ.

ಬೇಕಾದ ಸಾಮಗ್ರಿ ಹೆಚ್ಚಿಲ್ಲ. ಚೌಕಳಿ ಪುಸ್ತಕ, ಪೆನ್ಸಿಲ್, ಅಳತೆ ಟೇಪು, ಕ್ಯಾಮೆರಾ ಇರುವ ಮೊಬೈಲ್, ಎರಡು ಟಾರ್ಚು, ದಪ್ಪ ಅಡಿಯ ಬೂಟು, ಗಟ್ಟಿ ಕೈಗವಸು, ಹೆಲ್ಮೆಟ್ ಮತ್ತು ಎನ್95 ಮಾಸ್ಕ್ ಸಾಕು. ಇವುಗಳ ಜೊತೆಗೆ ಇಬ್ಬರು ಜೊತೆಗಾರರು ಬೇಕು. ಜೊತೆಗಾರರಿಲ್ಲದೆ ಹೋಗಲೇಬೇಡಿ.

1. ಅದು ಯಾವ ಮಿಲ್ಲು ಎಂದು ರಸ್ತೆಯಿಂದಲೇ ಗುರುತಿಸಿ

ಕೊಡಗಿನಲ್ಲಿ ‘ಮಿಲ್ಲು’ ಎಂದರೆ ಮೂರರಲ್ಲಿ ಒಂದಾಗಿರಬಹುದು: ಅಕ್ಕಿ ಮಿಲ್ಲು, ಮರ ಕೊಯ್ಯುವ ಸಾಮಿಲ್, ಅಥವಾ ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್. ಮೂರರ ದಾಖಲೆಗಳೂ ಬೇರೆ ಬೇರೆ ಕಡೆ ಇರುವುದರಿಂದ ಇಲ್ಲಿ ತಪ್ಪಿದರೆ ವಾರಗಟ್ಟಲೆ ಅಲೆಯಬೇಕಾಗುತ್ತದೆ.

ಅಕ್ಕಿ ಮಿಲ್ಲು ಸಾಮಾನ್ಯವಾಗಿ ಗದ್ದೆ ಬಯಲಿಗೆ ಹತ್ತಿರ, ಗಾಡಿ ನಿಲ್ಲಲು ಅಂಗಳವಿರುವ ಜಾಗದಲ್ಲಿರುತ್ತದೆ. ಪಕ್ಕಕ್ಕೆ ಅಂಟಿಕೊಂಡ ಎಂಜಿನ್ ಕೋಣೆ, ಹಿಂಭಾಗದಲ್ಲಿ ಹೊಟ್ಟು ಬೀಳುವ ಕೋಣೆ, ಮಾಡಿನಿಂದ ಹೊರಬಂದ ಹೊಗೆ ಕೊಳವೆ ಅದರ ಗುರುತು. ಸಾಮಿಲ್ ಮೂರು ಕಡೆ ತೆರೆದ ಉದ್ದನೆಯ ಚಪ್ಪರ. ದಿಮ್ಮಿ ಸಾಗಿಸುವ ಟ್ರಾಲಿಗೆ ನೆಲದಲ್ಲಿ ಕಂಬಿ ಇರುತ್ತದೆ. ಅರಣ್ಯಕ್ಕೆ ಸಂಬಂಧಿಸಿದ 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ಆದೇಶ ಅರಣ್ಯದೊಳಗಿನ ಸಾಮಿಲ್‌ಗಳಿಗೂ ತಡೆ ಹಾಕಿತು. ಹಾಗಾಗಿ ಸಾಮಿಲ್ ಮುಚ್ಚಿದ ಕತೆಯನ್ನು ಅರಣ್ಯ ಇಲಾಖೆಯ ಕಡತದಲ್ಲಿಯೂ ಹುಡುಕಬೇಕು. ಕ್ಯೂರಿಂಗ್ ವರ್ಕ್ಸ್‌ಗೆ ವಿಶಾಲವಾದ ಒಣಗಿಸುವ ಕಣ ಮತ್ತು ಧಾರಾಳ ಬೆಳಕು ಬೀಳುವ ಉದ್ದನೆಯ ಹಾಲ್ ಇರುತ್ತದೆ. ಅಲ್ಲಿ ಸಾಲಾಗಿ ಕುಳಿತು ಕೈಯಿಂದ ಕಾಳು ಆರಿಸುವ ಕೆಲಸಕ್ಕೆ ಗಾರ್ಬ್ಲಿಂಗ್ ಎನ್ನುತ್ತಿದ್ದರು. ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು. 1942ರ ಕಾಯ್ದೆಯ ನಂತರ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಒಟ್ಟು ಸಂಗ್ರಹಕ್ಕೆ, ಒಪ್ಪಿಸಬೇಕಿತ್ತು. 1990ರ ದಶಕದಲ್ಲಿ ಆ ಪದ್ಧತಿ ಹಂತಹಂತವಾಗಿ ಕೊನೆಗೊಂಡಿತು. ಕ್ಯೂರಿಂಗ್ ವರ್ಕ್ಸ್ ಒಂದರ ಏಳುಬೀಳನ್ನು ಈ ಎರಡು ಕಾಲಘಟ್ಟಗಳ ನಡುವೆ ಇಟ್ಟು ನೋಡಬೇಕು.

ಹೆಚ್ಚು ಪ್ರಶ್ನೆ ಬರುವುದು ಅಕ್ಕಿ ಮಿಲ್ಲಿನ ಬಗ್ಗೆಯೇ ಆದ್ದರಿಂದ ಮುಂದಿನ ಮಾತೆಲ್ಲ ಅದರದ್ದು.

2. ವಾರಸುದಾರರನ್ನು ಹುಡುಕಿ ಒಪ್ಪಿಗೆ ಪಡೆಯಿರಿ

ಪಾಳುಬಿದ್ದ ಮಿಲ್ಲು ಎನ್ನುತ್ತೇವೆ, ಆದರೆ ಯಾರದ್ದೂ ಅಲ್ಲದ ಮಿಲ್ಲು ಎಂಬುದು ಇಲ್ಲ. ಅನುಮತಿಯಿಲ್ಲದೆ ಒಳಗೆ ಹೋಗುವುದು ಅತಿಕ್ರಮ ಪ್ರವೇಶ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಅದಕ್ಕೆ ಅನ್ವಯಿಸುತ್ತದೆ. ನೆನಪಿಗೆಂದು ಒಂದು ನಟ್ಟು ಎತ್ತಿಕೊಂಡರೂ ಅದು ಕಳವು.

ಸರ್ವೆ ನಂಬರ್ ಗೊತ್ತಾದರೆ ಪಹಣಿ ತೆಗೆಯಬಹುದು. ಕೊಡಗಿನಲ್ಲಿ ಇಲ್ಲಿಯೇ ಅನೇಕರು ಎಡವುತ್ತಾರೆ. ಜಮ್ಮಾ ಭೂಮಿಯಾದರೆ, ಅಂದರೆ ವಂಶಪಾರಂಪರ್ಯವಾಗಿ ಬಂದ ಕೊಡಗಿನ ಹಿಡುವಳಿಯಾದರೆ, ಪಹಣಿಯ ಮೊದಲ ಹೆಸರು ಎಂದೋ ತೀರಿಕೊಂಡ ಪಟ್ಟೇದಾರರದ್ದಾಗಿರಬಹುದು. ಪಟ್ಟೇದಾರ ಎಂದರೆ ಇಡೀ ಒಕ್ಕದ ಪರವಾಗಿ ಹಿಡುವಳಿಯನ್ನು ಹೆಸರಿನಲ್ಲಿ ಹೊಂದಿದ ಹಿರಿಯ. ಒಕ್ಕ ಎಂದರೆ ಒಂದೇ ಮನೆತನದ ಹೆಸರಿನ ಕೂಡು ವಂಶ. ಆ ಹೆಸರು ಹಿಡಿದು ಹೋದರೆ ಮಾಲೀಕರು ಸಿಗುವುದಿಲ್ಲ. ಒಕ್ಕದ ಈಗಿನ ಹಿರಿಯರು ಯಾರು, ಮಿಲ್ಲು ಯಾರ ಪಾಲಿಗೆ ಬಂದಿದೆ ಎಂದು ಊರಿನಲ್ಲೇ ಕೇಳಬೇಕು. ಪಾಲು ಇನ್ನೂ ಆಗಿಲ್ಲದಿದ್ದರೆ ಒಬ್ಬರ ‘ಹೂಂ’ ಸಾಲದು. ಅಣ್ಣ ಒಪ್ಪಿ ತಮ್ಮ ಒಪ್ಪದ ಮನೆಯಲ್ಲಿ ನೀವು ಹೋಗಿ ನಿಂತರೆ, ಮಿಲ್ಲಿಗೆ ಗಿರಾಕಿ ಬಂದಿದ್ದಾರೆ ಎಂಬ ಸುದ್ದಿ ಸಂಜೆಯೊಳಗೆ ಹಬ್ಬುತ್ತದೆ. ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ. ಆದ್ದರಿಂದ ಮೊದಲ ಭೇಟಿಯಲ್ಲಿಯೇ ಸ್ಪಷ್ಟವಾಗಿ ಹೇಳಿ: ‘ಕೊಳ್ಳಲು ಬಂದಿಲ್ಲ, ಹಳೆ ಕಬ್ಬಿಣದ ವ್ಯಾಪಾರಕ್ಕೂ ಬಂದಿಲ್ಲ, ಮಿಲ್ಲು ಹೇಗೆ ನಡೆಯುತ್ತಿತ್ತು ಎಂದು ತಿಳಿಯಲು ಬಂದಿದ್ದೇನೆ.’

ಒಪ್ಪಿಗೆಯನ್ನು ಎರಡು ಸಾಲಿನಲ್ಲಿ ಬರೆಸಿಕೊಳ್ಳಿ. ದಿನಾಂಕ, ಯಾರ ಯಾರ ಪ್ರವೇಶ, ಛಾಯಾಚಿತ್ರ ಪ್ರಕಟಿಸಬಹುದೇ ಎಂಬ ಮೂರು ವಿಷಯ ಇದ್ದರೆ ಸಾಕು. ಸಹಕಾರ ಸಂಘದ ಮಿಲ್ಲಾದರೆ ಕಾರ್ಯದರ್ಶಿಗೆ ಅರ್ಜಿ ಕೊಡಿ. ಸಂಘದ ಮಿಲ್ಲಿನ ಅನುಕೂಲವೆಂದರೆ ವಾರ್ಷಿಕ ಮಹಾಸಭೆಯ ವರದಿ ಪುಸ್ತಿಕೆಗಳು. ಲಾಭ, ನಷ್ಟ, ಯಂತ್ರ ಖರೀದಿ, ರಿಪೇರಿ ಎಲ್ಲವೂ ವರ್ಷವಾರು ಅಚ್ಚಾಗಿರುತ್ತವೆ.

3. ದುಡಿದವರ ಜೊತೆ ಕುಳಿತುಕೊಳ್ಳಿ

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಸಮಯ ಕೊಡುವುದು ಇದಕ್ಕೆ. ನೀವೂ ಕೊಡಿ.

ಮಾಲೀಕರ ಮನೆಯಲ್ಲಿ ಮಾತು ನಿಲ್ಲಿಸಬೇಡಿ. ಎಂಜಿನ್ ನಡೆಸುತ್ತಿದ್ದವರು, ಭತ್ತ ಸುಲಿಯುವ ಯಂತ್ರವಾದ ಹಲ್ಲರ್ ಬಳಿ ನಿಲ್ಲುತ್ತಿದ್ದವರು, ಮೂಟೆ ಹೊರುತ್ತಿದ್ದವರು, ಲೆಕ್ಕ ಬರೆಯುತ್ತಿದ್ದವರು, ಅಕ್ಕಿ ಕೇರಿ ಕಲ್ಲು ಆರಿಸುತ್ತಿದ್ದ ಹೆಂಗಸರು, ತಲೆಹೊರೆಯಲ್ಲಿ ಭತ್ತ ತಂದು ಸಾಲಿನಲ್ಲಿ ಕಾಯುತ್ತಿದ್ದ ಗಿರಾಕಿಗಳು ಹೀಗೆ ಒಬ್ಬೊಬ್ಬರೂ ಮಿಲ್ಲಿನ ಒಂದೊಂದು ಮೂಲೆಯನ್ನು ಬಲ್ಲರು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯಾವುದು ಅವರ ಮನೆಮಾತೋ ಅದರಲ್ಲೇ ಮಾತನಾಡಲು ಬಿಡಿ. ನಿಮಗೆ ಬಾರದಿದ್ದರೆ ಬಲ್ಲವರನ್ನು ಕರೆದುಕೊಂಡು ಹೋಗಿ. ಕೆಲಸದ ಮಾತುಗಳು ಮನೆಮಾತಿನಲ್ಲಿ ಬಂದಷ್ಟು ಖಚಿತವಾಗಿ ಬೇರೆ ಭಾಷೆಯಲ್ಲಿ ಬರುವುದಿಲ್ಲ.

ಸಮಯ ನೋಡಿ ಹೋಗಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ನಾಟಿ ಮುಗಿದು ಕೈಲ್ ಮುಹೂರ್ತ ಕಳೆದ ಮೇಲೆ, ಸೆಪ್ಟೆಂಬರ್‌ನಲ್ಲಿ, ಹಿರಿಯರು ಜಗಲಿಯಲ್ಲಿ ನಿರಾಳವಾಗಿ ಸಿಗುತ್ತಾರೆ.

‘ಮಿಲ್ಲಿನ ಚರಿತ್ರೆ ಹೇಳಿ ಅಜ್ಜ’ ಎಂದರೆ ಎರಡು ವಾಕ್ಯ ಸಿಗುತ್ತದೆ. ಕೆಲಸದ ಬಗ್ಗೆ ಕೇಳಿದರೆ ಎರಡು ಗಂಟೆ ಮಾತು ಸಿಗುತ್ತದೆ. ನಾನು ಕೇಳುವ ಪ್ರಶ್ನೆಗಳಲ್ಲಿ ಕೆಲವು ಹೀಗಿವೆ. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವಾಗ ಮೊದಲು ಏನು ಮಾಡುತ್ತಿದ್ದಿರಿ? ಬೆಲ್ಟು ಜಾರಿದರೆ ಏನು ಹಚ್ಚುತ್ತಿದ್ದಿರಿ? ಕೂಲಿಯನ್ನು ಬಟ್ಟಿ ಲೆಕ್ಕದಲ್ಲಿ ಕೊಡುತ್ತಿದ್ದರೋ ಮೂಟೆ ಲೆಕ್ಕದಲ್ಲೋ? (ಬಟ್ಟಿ ಎಂಬುದು ಕೊಡಗಿನಲ್ಲಿ ಭತ್ತ ಅಳೆಯುವ ಹಳೆಯ ಮಾನ. ಗದ್ದೆಯ ವಿಸ್ತಾರವನ್ನೂ ‘ನೂರು ಬಟ್ಟಿ ಗದ್ದೆ’ ಎಂದು ಇದರಲ್ಲೇ ಹೇಳುತ್ತಿದ್ದರು.) ತೌಡು ಯಾರಿಗೆ ಹೋಗುತ್ತಿತ್ತು, ಗಿರಾಕಿಗೋ ಮಿಲ್ಲಿಗೋ? ಹೊಟ್ಟನ್ನು ಏನು ಮಾಡುತ್ತಿದ್ದರು? ಕಡಂಬುಟ್ಟಿಗೂ ಪಾಪುಟ್ಟಿಗೂ ಬೇಕಾದ ತರಿಯನ್ನು ಬೇರೆಯಾಗಿ ಒಡೆಸುತ್ತಿದ್ದರೋ? ಹುತ್ತರಿ ಕಳೆದು ಒಕ್ಕಣೆಯಾದ ಮೇಲೆ ಮಿಲ್ಲು ಎಷ್ಟು ಹೊತ್ತಿನವರೆಗೆ ನಡೆಯುತ್ತಿತ್ತು? ಮಳೆಗಾಲದ ಅಕ್ಕಿಯನ್ನು ಮೊದಲೇ ಮಾಡಿಸಿ ಇಡುತ್ತಿದ್ದರೋ ಅಥವಾ ಪತ್ತಾಯದಿಂದ ಆಗಾಗ ಭತ್ತ ತೆಗೆದು ತರುತ್ತಿದ್ದರೋ?

ಒಂದು ಪ್ರಶ್ನೆಯನ್ನು ಮಾತ್ರ ಬಿಡಲೇಬೇಡಿ: ಎಂಜಿನ್ ಯಾವ ದಾರಿಯಲ್ಲಿ ಬಂತು? ಕೊಡಗಿಗೆ ರೈಲು ಮಾರ್ಗವಿಲ್ಲ. ಹಳೆಯ ಎಂಜಿನ್ನಿನ ಒಂದು ಫ್ಲೈವ್ಹೀಲ್, ಅಂದರೆ ಪಕ್ಕದ ಭಾರಿ ಚಕ್ರ, ನಾಲ್ಕು ಜನ ಸೇರಿದರೂ ಅಲುಗಾಡುವುದಿಲ್ಲ. ಅಂಥದ್ದು ಸಂಪಾಜೆ ಘಾಟಿ ಹತ್ತಿ ಮಂಗಳೂರಿನಿಂದ ಬಂತೋ, ಮಾಕುಟ್ಟ ಹಾದು ತಲಶ್ಶೇರಿ ಕಡೆಯಿಂದ ಬಂತೋ, ಮೈಸೂರಿನಿಂದ ಬಂತೋ, ಗಾಡಿಯಲ್ಲೋ ಲಾರಿಯಲ್ಲೋ ಎಂಬುದು ಮಿಲ್ಲಿನ ವ್ಯಾಪಾರ ಸಂಬಂಧ ಯಾವ ಕಡೆಗಿತ್ತು ಎಂಬುದನ್ನೂ ಹೇಳುತ್ತದೆ.

ಅಪಘಾತಗಳ ಬಗ್ಗೆ ನೀವಾಗಿ ಕೆದಕಬೇಡಿ. ಬೆಲ್ಟಿಗೆ ಕೈ ಸಿಕ್ಕಿದ, ಪಂಚೆ ಸುತ್ತಿಕೊಂಡ ಘಟನೆಗಳು ಇಂಥ ಜಾಗದಲ್ಲಿ ನಡೆದಿರುತ್ತವೆ. ಅವರಾಗಿ ಹೇಳಿದರೆ ಕೇಳಿ. ಬರೆಯುವ ಮೊದಲು ಆ ಮನೆಯವರನ್ನು ಮತ್ತೊಮ್ಮೆ ಕೇಳಿ.

4. ಕಾಗದದ ದಾರಿ

ಮೊದಲು ಮನೆಯಲ್ಲಿರುವ ಕಾಗದ. ಲೆಕ್ಕದ ಪುಸ್ತಕ, ಪರವಾನಗಿ, ಯಂತ್ರದ ಬಿಲ್ಲು, ವಿದ್ಯುತ್ ಬಿಲ್ಲು ಯಾವುದೇ ಇರಲಿ, ಅಲ್ಲೇ ಫೋಟೋ ತೆಗೆದು ಅಲ್ಲೇ ಹಿಂದಿರುಗಿಸಿ. ಮನೆಗೆ ಒಯ್ಯಬೇಡಿ. ‘ಯಾರೋ ಬರೆಯುತ್ತೇನೆಂದು ತೆಗೆದುಕೊಂಡು ಹೋದರು, ಮತ್ತೆ ಬರಲೇ ಇಲ್ಲ’ ಎಂಬ ಮಾತನ್ನು ನಾನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕೇಳಿದ್ದೇನೆ. ಅದನ್ನು ಕೇಳುವಾಗ ನನಗೇ ನಾಚಿಕೆಯಾಗುತ್ತದೆ.

ಸರ್ಕಾರಿ ದಾಖಲೆ ಹುಡುಕುವ ಮೊದಲು ಆಡಳಿತದ ಮೆಟ್ಟಿಲುಗಳನ್ನು ನೆನಪಿಡಿ. 1834ರಲ್ಲಿ ಬ್ರಿಟಿಷರ ವಶಕ್ಕೆ ಹೋದ ಕೊಡಗು, 1950ರಿಂದ ಪ್ರತ್ಯೇಕ ಕೂರ್ಗ್ ರಾಜ್ಯವಾಗಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. 1956ಕ್ಕಿಂತ ಹಿಂದಿನ ಕೊಡಗಿನ ಆಡಳಿತದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕೇಳಬೇಕು. ಸೂಚಿಯಲ್ಲಿ ಹುಡುಕುವಾಗ ಇಂದಿನ ಊರ ಹೆಸರು ಹಾಕಿ ಏನೂ ಸಿಗಲಿಲ್ಲ ಎಂದು ಮರಳಿ ಬಂದವರಿದ್ದಾರೆ. ಮಡಿಕೇರಿ ಅಲ್ಲಿ ಮರ್ಕರಾ ಎಂದಿರುತ್ತದೆ, ಕುಶಾಲನಗರ ಫ್ರೇಸರ್‌ಪೇಟೆ ಎಂದಿರುತ್ತದೆ, ವಿರಾಜಪೇಟೆ ವೀರರಾಜೇಂದ್ರಪೇಟೆ ಎಂದಿರುತ್ತದೆ. ತಾಲ್ಲೂಕಿನ ಗೊಂದಲವೂ ಇದೆ. ಪೊನ್ನಂಪೇಟೆ ಮತ್ತು ಕುಶಾಲನಗರ ತಾಲ್ಲೂಕುಗಳು ಇತ್ತೀಚಿನವು. ಅಲ್ಲಿನ ಗ್ರಾಮಗಳ ಹಳೆಯ ಕಡತ ಬೇಕಾದರೆ ಕ್ರಮವಾಗಿ ವಿರಾಜಪೇಟೆ ಮತ್ತು ಸೋಮವಾರಪೇಟೆಯ ದಾಖಲೆಯಲ್ಲಿ ನೋಡಬೇಕು.

ಅಕ್ಕಿ ಮಿಲ್ಲಿಗೆ ವಿಶೇಷವಾಗಿ ಉಪಯೋಗಕ್ಕೆ ಬರುವುದು ಪರವಾನಗಿ ಕಡತ. 1958ರ ಅಕ್ಕಿ ಗಿರಣಿ ಉದ್ಯಮ ನಿಯಂತ್ರಣ ಕಾಯ್ದೆಯಂತೆ ಹೊಸ ಮಿಲ್ಲು ತೆರೆಯಲು ಅನುಮತಿ, ನಡೆಸಲು ಪರವಾನಗಿ ಬೇಕಿತ್ತು. ವಿದ್ಯುತ್ ಅಥವಾ ಎಂಜಿನ್ ಬಳಸಿ ಹತ್ತು ಅಥವಾ ಹೆಚ್ಚು ಜನ ದುಡಿಯುತ್ತಿದ್ದರೆ 1948ರ ಕಾರ್ಖಾನೆಗಳ ಕಾಯ್ದೆಯಡಿ ನೋಂದಣಿಯೂ ಇರುತ್ತಿತ್ತು. ಊರಿನ ಸಣ್ಣ ಹಲ್ಲರ್ ಮಿಲ್ಲುಗಳಲ್ಲಿ ಅಷ್ಟು ಜನ ಇರುತ್ತಿರಲಿಲ್ಲ. ಆದ್ದರಿಂದ ಕಾರ್ಖಾನೆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮಿಲ್ಲೇ ಇರಲಿಲ್ಲ ಎಂದು ತೀರ್ಮಾನಿಸಬೇಡಿ. ಆಹಾರ ಇಲಾಖೆ, ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಗ್ರಾಮ ಪಂಚಾಯಿತಿಯ ಕಂದಾಯ ಪುಸ್ತಕ ಈ ಮೂರು ಕಡೆ ಕೇಳಿ. ವ್ಯಾಪಾರಕ್ಕಾಗಿ ಅಕ್ಕಿ ಮಾಡುತ್ತಿದ್ದ ಮಿಲ್ಲಾದರೆ ಲೆವಿಯ ದಾಖಲೆಯೂ ಇರಬಹುದು. ಲೆವಿ ಎಂದರೆ ನಿಗದಿತ ಬೆಲೆಗೆ ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಿದ್ದ ಅಕ್ಕಿಯ ಪಾಲು.

ಬಾಯಿಮಾತಿನಲ್ಲಿ ಕೇಳಿ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ. ‘ಮಿಲ್ಲಿನ ಎಲ್ಲಾ ಮಾಹಿತಿ ಕೊಡಿ’ ಎಂದು ಬರೆದರೆ ಅರ್ಜಿ ವ್ಯರ್ಥ. ‘ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಅಕ್ಕಿ ಗಿರಣಿಗೆ ನೀಡಿದ ಪರವಾನಗಿ ಮತ್ತು ಅದರ ನವೀಕರಣದ ಪ್ರತಿ’ ಎಂದು ಕೇಳಿ.

1965ರಲ್ಲಿ ಪ್ರಕಟವಾದ ಜಿಲ್ಲಾ ಗ್ಯಾಸೆಟಿಯರ್‌ನ ಕೈಗಾರಿಕೆಯ ಅಧ್ಯಾಯವನ್ನೂ, ಮಡಿಕೇರಿಯಿಂದ 1957ರಿಂದ ಹೊರಬರುತ್ತಿರುವ ‘ಶಕ್ತಿ’ ಪತ್ರಿಕೆಯ ಹಳೆಯ ಸಂಚಿಕೆಗಳನ್ನೂ ನೋಡಿ. ಪತ್ರಿಕೆಯಲ್ಲಿ ಸುದ್ದಿಗಿಂತ ಜಾಹೀರಾತು ಹೆಚ್ಚು ಕೆಲಸಕ್ಕೆ ಬರುತ್ತದೆ. ಉದ್ಘಾಟನೆ, ಮಾರಾಟ, ಹರಾಜಿನ ಪ್ರಕಟಣೆಗಳಲ್ಲಿ ದಿನಾಂಕ ಖಚಿತವಾಗಿರುತ್ತದೆ.

5. ಒಳಗೆ ಹೋಗುವ ದಿನ

ಕಟ್ಟಡಕ್ಕೆ ಒಳ್ಳೆಯ ಕಾಲ ಜನವರಿಯಿಂದ ಮಾರ್ಚ್. ಗೋಡೆ ಒಣಗಿರುತ್ತದೆ, ಕುರುಚಲು ಇಳಿದಿರುತ್ತದೆ, ಜಿಗಣೆ ಇರುವುದಿಲ್ಲ. ಮಳೆಗಾಲದಲ್ಲಿ ಹೋಗಲೇಬೇಡಿ. 2018ರ ಆಗಸ್ಟ್‌ನ ಭೂಕುಸಿತದ ನಂತರ ಇಳಿಜಾರಿನ ಹಳೆಯ ಕಟ್ಟಡಗಳ ತಳಪಾಯವನ್ನು ನಂಬುವ ಹಾಗಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಮೂರಕ್ಕೆ ಹೊರಬನ್ನಿ. ಮುಂಜಾನೆ ಮತ್ತು ಮುಸ್ಸಂಜೆ ಆನೆ ಓಡಾಡುವ ಹೊತ್ತು. ಸಿದ್ದಾಪುರ, ಪೊನ್ನಂಪೇಟೆ ಸುತ್ತಿನ ತೋಟಗಳಲ್ಲಿ ಹಗಲು ಹೊತ್ತಿನಲ್ಲಿಯೂ ಆನೆ ಬೀಡುಬಿಡುತ್ತದೆ. ಹೊರಡುವ ಮೊದಲು ತೋಟದ ಕೆಲಸದವರನ್ನು ಕೇಳಿ. ಅವರು ಬೇಡವೆಂದರೆ ಬೇಡ.

ಹೊರಗಿನಿಂದ ಒಂದು ಸುತ್ತು ಹಾಕಿ. ಗೋಡೆ ಹೊರಕ್ಕೆ ಉಬ್ಬಿದ್ದರೆ, ಮಾಡಿನ ತೊಲೆ ಜೋತಿದ್ದರೆ, ಹೆಜ್ಜೇನು ಅಥವಾ ಕಡಜದ ಗೂಡು ಕಂಡರೆ ಅಂದಿನ ಕೆಲಸ ಹೊರಗಿನ ಫೋಟೋಗೆ ಮುಗಿಯಿತು. ಒಳಗೆ ನಾಲ್ಕು ಅಪಾಯಗಳನ್ನು ನಾನು ಎಲ್ಲಕ್ಕಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಮೊದಲನೆಯದು ನೆಲದ ಗುಂಡಿ. ಭತ್ತವನ್ನು ಮೇಲಕ್ಕೆ ಎತ್ತುವ ಎಲಿವೇಟರ್‌ನ ಬುಡ ನೆಲಮಟ್ಟಕ್ಕಿಂತ ಕೆಳಗಿರುತ್ತದೆ. ಬೆಲ್ಟು ಓಡುವ ಕಾಲುವೆಯೂ ಕೆಲವೆಡೆ ನೆಲದೊಳಗಿರುತ್ತದೆ. ಮೇಲೆ ಮುಚ್ಚಿದ ಹಲಗೆ ಗೆದ್ದಲು ತಿಂದು, ಮೇಲೊಂದು ಪದರ ಧೂಳು ಕುಳಿತರೆ ಗಟ್ಟಿ ನೆಲದಂತೆಯೇ ಕಾಣುತ್ತದೆ. ಕೋಲಿನಿಂದ ತಟ್ಟದೆ ಹೆಜ್ಜೆ ಇಡಬೇಡಿ. ಎರಡನೆಯದು ಸಿಮೆಂಟ್ ಶೀಟಿನ ಮಾಡು. ಅದರ ಮೇಲೆ ಹತ್ತಬೇಡಿ, ಒಡೆದ ಚೂರುಗಳನ್ನು ಮುರಿಯಬೇಡಿ. ಹಳೆಯ ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಕೆಡುಕು. ಮೂರನೆಯದು ಬಾವಲಿಯ ಹಿಕ್ಕೆ. ಗುಡಿಸುವುದು, ಕೆದಕುವುದು ಬೇಡ. ಬಾವಲಿಗಳು ಹೆಚ್ಚಿರುವ ಕೋಣೆಯನ್ನು ಬಿಟ್ಟುಬಿಡಿ. ನಾಲ್ಕನೆಯದು ವಿದ್ಯುತ್ ತಂತಿ. ಮಿಲ್ಲು ಮುಚ್ಚಿದೆ ಎಂದರೆ ಸಂಪರ್ಕ ಕಡಿದಿದೆ ಎಂದರ್ಥವಲ್ಲ. ಯಾವ ತಂತಿಯನ್ನೂ, ಸ್ವಿಚ್ಚನ್ನೂ ಮುಟ್ಟಬೇಡಿ.

ಹೊಟ್ಟಿನ ರಾಶಿ ಹತ್ತುವುದು, ತೊಟ್ಟಿಯೊಳಗೆ ಇಳಿಯುವುದು ಕೂಡದು. ಕೈಯನ್ನು ಕಣ್ಣಿಗೆ ಕಾಣದ ಜಾಗಕ್ಕೆ ಹಾಕಬೇಡಿ. ಇಲಿಯಿರುವಲ್ಲಿ ಹಾವೂ ಇರುತ್ತದೆ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ರಕ್ತ ಹೀರುವುದು ಎಲ್ಲವೂ ತಪ್ಪು. ಕಚ್ಚಿದ ಅಂಗವನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಕೊಡಗಿನ ಬಹಳಷ್ಟು ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಎಲ್ಲಿ ನಿಂತರೆ ಸಿಗ್ನಲ್ ಬರುತ್ತದೆ ಎಂಬುದನ್ನು ಒಳಗೆ ಹೋಗುವ ಮೊದಲೇ ನೋಡಿಟ್ಟುಕೊಳ್ಳಿ.

6. ಭತ್ತ ನಡೆದ ದಾರಿಯಲ್ಲೇ ನಡೆಯಿರಿ

ಒಳಗೆ ಹೋದವರು ದೊಡ್ಡ ಯಂತ್ರದ ಮುಂದೆ ನಿಂತುಬಿಡುತ್ತಾರೆ. ಹಾಗೆ ಮಾಡದೆ, ಭತ್ತ ಎಲ್ಲಿಂದ ಒಳಬಂತೋ ಅಲ್ಲಿಂದ ಆರಂಭಿಸಿ ಅಕ್ಕಿ ಹೊರಹೋದ ಬಾಗಿಲಿನವರೆಗೆ ಹೋಗಿ. ಮಿಲ್ಲು ತಾನಾಗಿ ಅರ್ಥವಾಗುತ್ತದೆ.

ಮೊದಲು ತೂಕದ ಜಾಗ. ನಂತರ ಕಲ್ಲು, ಹುಲ್ಲು ತೆಗೆಯುವ ಜರಡಿ. ಆಮೇಲೆ ಹಲ್ಲರ್. ಇದು ಎರಕದ ಕಬ್ಬಿಣದ ಕೊಳವೆಯಂಥ ಯಂತ್ರ. ಒಳಗೆ ಏಣುಗಳಿರುವ ಉರುಳೆ ತಿರುಗುತ್ತದೆ, ಪಕ್ಕದಲ್ಲಿ ಉಕ್ಕಿನ ಪಟ್ಟಿಯೊಂದು ಅದಕ್ಕೆ ಎದುರಾಗಿ ನಿಂತಿರುತ್ತದೆ, ಕೆಳಗೆ ತೂತುಗಳ ಜರಡಿ. ಭತ್ತ ಇವುಗಳ ನಡುವೆ ಉಜ್ಜಿಕೊಂಡು ಸಿಪ್ಪೆಯನ್ನೂ ತೌಡನ್ನೂ ಒಟ್ಟಿಗೇ ಕಳೆದುಕೊಳ್ಳುತ್ತದೆ. ಉಕ್ಕಿನ ಪಟ್ಟಿಯನ್ನು ಹತ್ತಿರ ಅಥವಾ ದೂರ ಮಾಡುವ ತಿರುಪನ್ನು ಹುಡುಕಿ ನೋಡಿ. ಮಿಲ್ಲು ನಡೆಸುವವನ ಕೈಚಳಕವೆಲ್ಲ ಅಲ್ಲಿತ್ತು. ಬಿಗಿ ಹೆಚ್ಚಾದರೆ ನುಚ್ಚು, ಸಡಿಲವಾದರೆ ಭತ್ತ ಉಳಿದ ಅಕ್ಕಿ. ಈ ಮಾದರಿಗೆ ಎಂಗಲ್‌ಬರ್ಗ್ ಹಲ್ಲರ್ ಎಂದು ಹೆಸರು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಬ್ರೆಜಿಲ್‌ನಲ್ಲಿ ಹುಟ್ಟಿದ ಇದು ಕಾಫಿಯ ಸಿಪ್ಪೆಯನ್ನೂ ಸುಲಿಯುತ್ತದೆ. ಕಾಫಿ ಮತ್ತು ಭತ್ತ ಎರಡನ್ನೂ ಬೆಳೆದ ಕೊಡಗಿನಲ್ಲಿ ಇದನ್ನು ನೋಡಿದಾಗಲೆಲ್ಲ ನನಗೆ ಆ ದೂರದ ನಂಟು ನೆನಪಾಗುತ್ತದೆ. ಮಿಲ್ಲಿನಲ್ಲಿ ಎರಡು ಹಲ್ಲರ್ ಇದ್ದರೆ, ಒಂದರಲ್ಲಿ ಕಾಫಿ ಹಾಕುತ್ತಿದ್ದರೋ ಎಂದು ಕೇಳಲು ಮರೆಯಬೇಡಿ.

ಹಲ್ಲರ್ ಬದಲು ಎರಡು ರಬ್ಬರ್ ಉರುಳೆಗಳ ಯಂತ್ರ ಕಂಡರೆ ಅದು ಶೆಲ್ಲರ್. ಎರಡು ಉರುಳೆಗಳು ಬೇರೆ ಬೇರೆ ವೇಗದಲ್ಲಿ ತಿರುಗಿ ಹೊಟ್ಟನ್ನು ಮಾತ್ರ ಬಿಡಿಸುತ್ತವೆ. ತೌಡು ತೆಗೆಯಲು ಪ್ರತ್ಯೇಕ ಪಾಲಿಶರ್ ಇರುತ್ತದೆ. 100 ಕೆ.ಜಿ. ಭತ್ತದಲ್ಲಿ ಸುಮಾರು 20 ಕೆ.ಜಿ. ಹೊಟ್ಟು, 8ರಿಂದ 10 ಕೆ.ಜಿ. ತೌಡು. ಶೆಲ್ಲರ್‌ನಲ್ಲಿ ಇವೆರಡೂ ಬೇರೆಯಾಗಿ ಬರುವುದರಿಂದ ತೌಡಿಗೆ ಒಳ್ಳೆಯ ಬೆಲೆ ಸಿಗುತ್ತಿತ್ತು. ಹಲ್ಲರ್‌ನಲ್ಲಿ ಬೆರೆತೇ ಬರುತ್ತದೆ. ದೊಡ್ಡ ಮಿಲ್ಲುಗಳ ಮುಂದೆ ಹಳ್ಳಿಯ ಹಲ್ಲರ್ ಮಿಲ್ಲು ಸೊರಗಿದ್ದಕ್ಕೆ ಇದೊಂದು ಕಾರಣ. ಅದಕ್ಕಿಂತ ದೊಡ್ಡದು, ಗದ್ದೆಗಳೇ ಕಡಿಮೆಯಾದದ್ದು. ಕೂಲಿಯಾಳು ಸಿಗದೆ ಪಾಳುಬಿಟ್ಟ ಗದ್ದೆ, ಶುಂಠಿಗೆ ಕೊಟ್ಟ ಗದ್ದೆ, ಕಾಫಿ ಹಾಕಿದ ಗದ್ದೆ ಮಿಲ್ಲಿನ ಸುತ್ತ ಎಷ್ಟಿವೆ ಎಂದು ಕಣ್ಣಾರೆ ನೋಡಿ ಬರೆದುಕೊಳ್ಳಿ.

ಈಗ ಎಂಜಿನ್ ಕೋಣೆ. ಒಂದೇ ಸಿಲಿಂಡರಿನ, ಎರಡು ಭಾರಿ ಚಕ್ರಗಳ ಮಲಗಿದ ಎಂಜಿನ್ ಇದ್ದರೆ ನಿಮ್ಮ ಅದೃಷ್ಟ. ಬಹಳ ಕಡೆ ಮಾರಿಬಿಟ್ಟಿರುತ್ತಾರೆ. ಆದರೂ ಕೋಣೆ ಮಾತನಾಡುತ್ತದೆ. ಕಾಂಕ್ರೀಟ್ ಪೀಠದ ಬೋಲ್ಟುಗಳ ನಡುವಿನ ಅಂತರ ಅಳೆದುಕೊಳ್ಳಿ. ಹೊರಗಿನ ನೀರಿನ ತೊಟ್ಟಿ ಎಂಜಿನ್ ತಣಿಸಲು ಇದ್ದದ್ದು. ಗೋಡೆಯಲ್ಲಿ ಉದ್ದುದ್ದನೆಯ ಸೀಳು ಕಂಡರೆ ಅಲ್ಲಿ ಬೆಲ್ಟು ಹಾಯುತ್ತಿತ್ತು. ಅದು ಲೈನ್ ಶಾಫ್ಟಿಗೆ, ಅಂದರೆ ಎಲ್ಲ ಯಂತ್ರಗಳಿಗೂ ತಿರುಗುವಿಕೆಯನ್ನು ಹಂಚುವ ಉದ್ದನೆಯ ಕಂಬಿಗೆ, ಹೋಗುತ್ತಿತ್ತು. ಪುಲ್ಲಿಗಳ ವ್ಯಾಸ ಅಳೆದರೆ ವೇಗವನ್ನೂ ಲೆಕ್ಕ ಹಾಕಬಹುದು. ಎಂಜಿನ್‌ನ ವೇಗವನ್ನು ಅದರ ಪುಲ್ಲಿಯ ವ್ಯಾಸದಿಂದ ಗುಣಿಸಿ, ಶಾಫ್ಟಿನ ಪುಲ್ಲಿಯ ವ್ಯಾಸದಿಂದ ಭಾಗಿಸಿ. ಉದಾಹರಣೆಗೆ ನಿಮಿಷಕ್ಕೆ 300 ಸುತ್ತಿನ ಎಂಜಿನ್, 30 ಅಂಗುಲದ ಪುಲ್ಲಿ, ಶಾಫ್ಟಿನಲ್ಲಿ 45 ಅಂಗುಲದ ಪುಲ್ಲಿ ಇದ್ದರೆ ಶಾಫ್ಟು ನಿಮಿಷಕ್ಕೆ 200 ಸುತ್ತು ತಿರುಗುತ್ತಿತ್ತು. ಮೂಲೆಯಲ್ಲಿ ಸಣ್ಣ ಪೀಠವೊಂದು ಬೇರೆಯಾಗಿ ಕಂಡರೆ ಅದು ಬಹುಶಃ ಮುಂದೆ ಬಂದ ವಿದ್ಯುತ್ ಮೋಟಾರಿನದು. ಮೀಟರ್ ಹಲಗೆಯ ಮೇಲಿನ ಆರ್.ಆರ್. ನಂಬರ್ ಬರೆದುಕೊಳ್ಳಿ. ಆ ಸಂಖ್ಯೆ ಇದ್ದರೆ ಸಂಪರ್ಕ ಕೊಟ್ಟ ದಿನಾಂಕವನ್ನು ವಿದ್ಯುತ್ ಸರಬರಾಜು ಮಾಡುವ ಸೆಸ್ಕ್ ಕಚೇರಿಯಲ್ಲಿ ಕೇಳಬಹುದು.

ಗೋಡೆಗಳನ್ನು ಕೊನೆಗೆ, ನಿಧಾನವಾಗಿ ನೋಡಿ. ಸೀಮೆಸುಣ್ಣದ ಲೆಕ್ಕ, ಮೂಟೆಗಳ ಗೀಟು, ದೇವರ ಪಟ ತೂಗುಹಾಕಿದ್ದ ಮೊಳೆ, ಆಯುಧಪೂಜೆಯ ಕುಂಕುಮದ ಗುರುತು ಎಲ್ಲವನ್ನೂ ಒರೆಸದೆ, ಪಕ್ಕದಿಂದ ಟಾರ್ಚಿನ ಬೆಳಕು ಬಿಟ್ಟು ಫೋಟೋ ತೆಗೆಯಿರಿ. ಮಾಸಿದ ಅಕ್ಷರ ಎದುರು ಬೆಳಕಿನಲ್ಲಿ ಕಾಣದಿದ್ದರೂ ಓರೆ ಬೆಳಕಿನಲ್ಲಿ ಎದ್ದು ಬರುತ್ತದೆ.

7. ಕಾಲ ನಿರ್ಣಯ: ಹೆಚ್ಚು ತಪ್ಪಾಗುವುದು ಇಲ್ಲೇ

ಹೆಂಚನ್ನು ನೋಡಿ ‘ಈ ಮಿಲ್ಲು 1865ರದ್ದು’ ಎಂದು ನನಗೆ ಬರೆದವರು ಹಲವರು. ಮಂಗಳೂರಿನ ಬಾಸೆಲ್ ಮಿಷನ್ ಹೆಂಚಿನ ಮೇಲೆ 1865 ಎಂದು ಅಚ್ಚೊತ್ತಿರುವುದು ಆ ಹೆಂಚಿನ ಕಾರ್ಖಾನೆ ಆರಂಭವಾದ ವರ್ಷ. ದಶಕಗಳ ನಂತರ ಮಾಡಿದ ಹೆಂಚಿನಲ್ಲಿಯೂ ಅದೇ ವರ್ಷವಿರುತ್ತದೆ. ಅಲ್ಬುಕರ್ಕ್ ಹೆಂಚಿನ 1868 ಕೂಡ ಹಾಗೆಯೇ. ಕಾಮನ್‌ವೆಲ್ತ್ ಎಂಬ ಹೆಸರಿದ್ದರೆ ಅದು ಮೊದಲ ಮಹಾಯುದ್ಧದ ನಂತರದ್ದು, ಏಕೆಂದರೆ ಬಾಸೆಲ್ ಮಿಷನ್ ಕಾರ್ಖಾನೆಗಳು ಆ ಸಂಸ್ಥೆಯ ಕೈಗೆ ಹೋದದ್ದು ಆಗ. ಹಳೆಯ ಮನೆ ಬಿಚ್ಚಿದ ಹೆಂಚನ್ನು ಮಿಲ್ಲಿಗೆ ಹೊದಿಸುವುದೂ ಸಾಮಾನ್ಯ. ಹೆಂಚು ಕಟ್ಟಡಕ್ಕಿಂತ ಹಳೆಯದಾಗಿರಬಹುದು ಎಂಬುದನ್ನು ಮನಸ್ಸಿನಲ್ಲಿಡಿ.

ಎಂಜಿನ್ನಿನ ಹೆಸರಿನ ತಗಡಿಗೂ ಇದೇ ಮಾತು. ರಸ್ಟನ್ ಹಾರ್ನ್ಸ್‌ಬಿ ಎಂದಿದ್ದರೆ 1918ಕ್ಕಿಂತ ಹಿಂದಿನದಾಗಿರಲಾರದು, ಎರಡು ಕಂಪನಿಗಳು ಸೇರಿ ಆ ಹೆಸರಾದದ್ದು ಆ ವರ್ಷ. ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಎಂದಿದ್ದರೆ 1946ರ ನಂತರ. ಆದರೆ ಸೆಕೆಂಡ್ ಹ್ಯಾಂಡ್ ಎಂಜಿನ್ ತಂದು ಕೂರಿಸಿದ ಮಿಲ್ಲುಗಳು ಧಾರಾಳವಾಗಿದ್ದವು. ಆರಂಭದ ದಿನಗಳಲ್ಲಿ ನಾನೂ ತಗಡನ್ನು ನಂಬಿ ಒಂದು ಮಿಲ್ಲಿನ ವಯಸ್ಸನ್ನು ತಪ್ಪಾಗಿ ಬರೆದಿದ್ದೆ. ಆ ಎಂಜಿನ್ ಬೇರೊಂದು ಮಿಲ್ಲಿನಲ್ಲಿ ದುಡಿದು ಬಂದದ್ದು ಎಂದು ತಿದ್ದಿದವರು ಅಲ್ಲಿ ಮೂಟೆ ಹೊತ್ತಿದ್ದ ಹಿರಿಯರು. ತಗಡಿನ ಕ್ರಮಸಂಖ್ಯೆ ಬರೆದುಕೊಳ್ಳಿ, ಆದರೆ ಅದು ಯಂತ್ರದ ವಯಸ್ಸು ಮಾತ್ರ ಹೇಳುತ್ತದೆ ಎಂದು ತಿಳಿದಿರಿ.

ಕಾಗದದ ಸುಳಿವು ಹೆಚ್ಚು ನಂಬಬಹುದಾದದ್ದು. ಲೆಕ್ಕದಲ್ಲಿ ಆಣೆ, ಪೈ ಇದ್ದರೆ ಅದು 1957ರ ಏಪ್ರಿಲ್‌ಗಿಂತ ಹಿಂದಿನದು, ಅಥವಾ ಹಳೆಯ ರೂಢಿ ಬಿಡದ ಗುಮಾಸ್ತರು ಅದರ ಸ್ವಲ್ಪ ನಂತರ ಬರೆದದ್ದು. ತೂಕ ಸೇರು, ಮಣದಿಂದ ಕಿಲೋಗೆ ತಿರುಗುವ ಪುಟ ಸಿಕ್ಕರೆ ಅದು 1958ರ ನಂತರದ ಕೆಲವು ವರ್ಷಗಳೊಳಗಿನದು. ಬಿಲ್ಲಿನ ತಲೆಬರಹದಲ್ಲಿ 571ರಿಂದ ಆರಂಭವಾಗುವ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ವಿದ್ಯುತ್ ಬಿಲ್ಲಿನಲ್ಲಿ ಕೆ.ಇ.ಬಿ., ಅಂದರೆ ಕರ್ನಾಟಕ ವಿದ್ಯುತ್ ಮಂಡಳಿ, ಎಂದಿದ್ದರೆ 1999ರ ಹಿಂದಿನದು. ಇಂಥ ಎರಡು ಮೂರು ಸುಳಿವುಗಳು ಒಂದೇ ಕಾಲವನ್ನು ತೋರಿಸಿದಾಗ ಮಾತ್ರ ವರ್ಷ ಬರೆಯಿರಿ. ಇಲ್ಲದಿದ್ದರೆ ‘1950ರ ದಶಕ’ ಎಂದಷ್ಟೇ ಬರೆಯುವುದು ಪ್ರಾಮಾಣಿಕ.

8. ಬರೆದಿಡುವುದು, ಮರಳಿಸುವುದು

ಅಂದೇ ರಾತ್ರಿ ನಕ್ಷೆ ಬಿಡಿಸಿ. ಮರುದಿನಕ್ಕೆ ಅರ್ಧ ಮರೆತಿರುತ್ತದೆ. ನಕ್ಷೆಯಲ್ಲಿ ಉತ್ತರ ದಿಕ್ಕು, ಅಳತೆ, ಭತ್ತ ಚಲಿಸಿದ ದಾರಿಯ ಬಾಣ ಇರಲಿ. ಪ್ರತಿ ಫೋಟೋಗೆ ಸಂಖ್ಯೆ ಕೊಟ್ಟು ಅದನ್ನು ನಕ್ಷೆಯಲ್ಲಿ ಗುರುತಿಸಿ.

ಬರೆಯುವಾಗ ಮೂರನ್ನು ಬೇರೆ ಬೇರೆ ಇಡಿ: ನಾನು ಕಂಡದ್ದು, ಕಾಗದದಲ್ಲಿ ಇದ್ದದ್ದು, ಹಿರಿಯರು ಹೇಳಿದ್ದು. ಹೇಳಿದ್ದಕ್ಕೂ ಕಾಗದಕ್ಕೂ ತಾಳೆಯಾಗದಿದ್ದರೆ ಎರಡನ್ನೂ ಬರೆಯಿರಿ. ಕಾಗದವೇ ಯಾವಾಗಲೂ ಸರಿ ಎಂದುಕೊಳ್ಳಬೇಡಿ. ಪರವಾನಗಿ ಬರುವ ಮೊದಲೇ ಮಿಲ್ಲು ನಡೆದಿರಬಹುದು.

ಯಂತ್ರಗಳು ಇನ್ನೂ ಒಳಗಿದ್ದರೆ ಜಾಗದ ನಿಖರ ಗುರುತನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ. ಮೊಬೈಲ್ ಫೋಟೋಗಳಲ್ಲಿ ಸ್ಥಳದ ವಿವರ ತಾನಾಗಿ ಸೇರಿರುತ್ತದೆ, ಅದನ್ನು ತೆಗೆದು ಹಂಚಿ. ಹಿತ್ತಾಳೆಯ ಬೇರಿಂಗಿಗೆ, ತಾಮ್ರದ ತಂತಿಗೆ ಕಳ್ಳರು ಬಹಳ ಬೇಗ ಬರುತ್ತಾರೆ. ಒಂದು ಚಂದದ ಚಿತ್ರಕ್ಕಾಗಿ ಒಂದು ಮಿಲ್ಲು ಬರಿದಾಗಬಾರದು.

ಬರಹ ಮುಗಿದ ಮೇಲೆ ಒಂದು ಅಚ್ಚಾದ ಪ್ರತಿಯನ್ನು ಮಾಲೀಕರ ಮನೆಗೂ, ಒಂದನ್ನು ನಿಮಗೆ ಹೆಚ್ಚು ಮಾತು ಕೊಟ್ಟ ಕೆಲಸಗಾರರಿಗೂ, ಒಂದನ್ನು ಊರಿನ ಗ್ರಂಥಾಲಯಕ್ಕೂ ಕೊಡಿ. ಧ್ವನಿಮುದ್ರಣವನ್ನು ಪೆನ್‌ಡ್ರೈವ್‌ಗೆ ಹಾಕಿ ಅವರ ಮಕ್ಕಳ ಕೈಗೆ ಕೊಡಿ. ಮೇಲೆ ಹೆಸರು, ದಿನಾಂಕ ಬರೆದ ಚೀಟಿ ಅಂಟಿಸಿರಲಿ.